ಸುಲಭವಾದ ಗಿಡಗಳು

ಪದಗಳನ್ನು ಬಿಡಿಸಿ ನೋಡುವುದು ಕನ್ನಡ ಪಾಠ ಹೇಳುವವರಿಗೆ ಅಂಟಿಕೊಂಡ ಚಾಳಿ. ‘ಸುಲಭ’ ಎಂಬ ಮಾತನ್ನು ಬಿಡಿಸಿದರೆ, ಪ್ರಯಾಸವಿಲ್ಲದೆ ಲಭಿಸುವುದು ಎಂದಷ್ಟೇ ಅರ್ಥ ಸಿಕ್ಕುತ್ತದೆ. ಅದಕ್ಕೆ ಎದುರಾದ ಪದ ‘ದುರ್ಲಭ’. ಈ ಎರಡು ಪದಗಳೂ ವಸ್ತು ಕೈಗೆ ಬರುವ ಗಳಿಗೆಯನ್ನು ಕುರಿತು ಮಾತ್ರ ಮಾತನಾಡುತ್ತವೆ. ಬಂದದ್ದನ್ನು ಹೇಗೆ ನೋಡಿಕೊಳ್ಳಬೇಕು, ಅದು ಬೆಳೆದು ಮಿಕ್ಕಾಗ ಏನು ಮಾಡಬೇಕು ಎಂಬ ವಿಷಯದಲ್ಲಿ ಎರಡೂ ಮೌನ. ನಿಘಂಟಿನ ಈ ಮೌನ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನನಗೆ ತೋರಿಸಿಕೊಟ್ಟದ್ದು, ಮನೆಯ ನಡುಮನೆಯಲ್ಲಿ ಇಟ್ಟುಕೊಂಡಿರುವ ಎರಡಡಿ ಉದ್ದದ ಒಂದು ಗಾಜಿನ ಮೀನುತೊಟ್ಟಿ ಎಂದರೆ ಓದುಗರು ನಗಬಹುದು. ನಗಲಿ, ಆಮೇಲೆ ಸ್ವಲ್ಪ ತಾಳ್ಮೆಯಿಂದ ಕೇಳಲಿ.

ನಮ್ಮ ದೊಡ್ಡಬಳ್ಳಾಪುರ ನೇಕಾರರ ಊರು. ನಾನಿರುವ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವಿದ್ಯುತ್ ಮಗ್ಗಗಳ ಸದ್ದು. ಕಿವಿಗಿಲ್ಲದ ನೆಮ್ಮದಿ ಕಣ್ಣಿಗಾದರೂ ಇರಲೆಂದೋ ಏನೋ, ಇಲ್ಲಿ ಮೀನು ಸಾಕುವವರು ಹಲವರಿದ್ದಾರೆ. ಮೊದಮೊದಲು ಪ್ಲಾಸ್ಟಿಕ್ಕಿನ ಗಿಡಗಳನ್ನು ತೊಟ್ಟಿಯ ತಳದಲ್ಲಿ ನಿಲ್ಲಿಸಿ ತೃಪ್ತರಾಗುತ್ತಿದ್ದವರಿಗೆ ಈಗ ಜೀವಂತ ಗಿಡಗಳೇ ಬೇಕು. ನನ್ನ ವಿದ್ಯಾರ್ಥಿಗಳಲ್ಲಿಯೂ ಒಬ್ಬಿಬ್ಬರಿಗೆ ಈ ಹವ್ಯಾಸವಿದೆ. ತರಗತಿ ಮುಗಿದ ಮೇಲೆ, ಛಂದಸ್ಸಿನ ಸಂದೇಹವೆಂಬ ನೆಪದಿಂದ ಹತ್ತಿರ ಬಂದು, “ಸಾರ್, ತೊಂದರೆ ಕೊಡದೆ ಬೆಳೆಯೋ ಗಿಡ ಯಾವುದು?” ಎಂದು ಕೇಳುತ್ತಾರೆ.

ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಉತ್ತರ ಗಿಡದಿಂದ ಹೊರಡುವುದಿಲ್ಲ, ನೀರಿನಿಂದ ಹೊರಡುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಊರುಕೇರಿಗಳು ಹೆಚ್ಚಾಗಿ ನಂಬಿರುವುದು ಕೊಳವೆಬಾವಿಗಳನ್ನು. ಬಂಡೆಗಳ ಸಂದಿನಿಂದ ಮೇಲಕ್ಕೆಳೆದ ಈ ನೀರು ಗಡಸು ನೀರು. ಕಾಯಿಸಿದ ಪಾತ್ರೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವುದನ್ನು ಇಲ್ಲಿನ ಗೃಹಿಣಿಯರೆಲ್ಲ ಬಲ್ಲರು. ರೊಟಾಲ ಮ್ಯಾಕ್ರಾಂಡ್ರ ಎಂಬ ಕೆಂಪೆಲೆಯ ಸುಂದರ ಗಿಡವೊಂದಿದೆ. ಅದರ ತವರು ದಕ್ಷಿಣ ಭಾರತವೇ. ಆದರೆ ಅದಕ್ಕೆ ಮೆದು ನೀರು ಬೇಕು, ಪ್ರಖರವಾದ ಬೆಳಕು ಬೇಕು, ಸಿಲಿಂಡರಿನಿಂದ ಇಂಗಾಲಾಮ್ಲ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತಿರಬೇಕು. ನಮ್ಮ ಕೊಳವೆಬಾವಿಯ ನೀರಿನಲ್ಲಿ ಅದು ಕರಗಿ ಹೋಗುತ್ತದೆ. ಪಶ್ಚಿಮ ಆಫ್ರಿಕದ ಹೊಳೆಗಳ ಅಂಚಿನಿಂದ ಬಂದ ಅನೂಬಿಯಾಸ್ ಮಾತ್ರ ಅದೇ ನೀರಿನಲ್ಲಿ ತನ್ನ ಚರ್ಮದಂಥ ದಪ್ಪ ಎಲೆಗಳನ್ನು ಬಿಚ್ಚಿಕೊಂಡು ವರ್ಷಗಟ್ಟಲೆ ಸುಖವಾಗಿರುತ್ತದೆ. ನಮ್ಮ ಕಡೆಯದು ಎಂದ ಮಾತ್ರಕ್ಕೆ ಸುಲಭವಲ್ಲ, ದೂರದ್ದು ಎಂದ ಮಾತ್ರಕ್ಕೆ ಕಷ್ಟವಲ್ಲ. ಸುಲಭವೆಂಬುದು ಗಿಡದ ಗುಣವಲ್ಲವೆಂದಾಯಿತು. ಅದು ಗಿಡಕ್ಕೂ ನೀರಿಗೂ ಇರುವ ಒಂದು ನಂಟು.

ನಮ್ಮ ನೀರಿಗೆ ಹೊಂದುವ ಗಿಡಗಳು ಬೇಕಾದಷ್ಟಿವೆ. ವ್ಯಾಲಿಸ್ನೇರಿಯ ಅವುಗಳಲ್ಲಿ ಮೊದಲನೆಯದು. ಹಸಿರು ರಿಬ್ಬನ್ನಿನಂಥ ಉದ್ದನೆಯ ಎಲೆಗಳ ಈ ಗಿಡ, ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ತನಗೆ ಬೇಕಾದ ಇಂಗಾಲವನ್ನು ಹೀರಿಕೊಳ್ಳಬಲ್ಲದು. ಇತರ ಗಿಡಗಳಿಗೆ ಶಾಪವಾದ ನಮ್ಮ ನೀರು ಇದಕ್ಕೆ ವರ. ತೊಳೆದ ಮರಳನ್ನು ಎರಡು ಮೂರು ಅಂಗುಲ ಹಾಸಿ, ಬೇರುಗಳು ಮಾತ್ರ ಒಳಗಿದ್ದು ಎಲೆಗಳು ಹೊರಡುವ ಗೆಡ್ಡೆ ಮೇಲಕ್ಕೆ ಕಾಣುವಂತೆ ನೆಟ್ಟರಾಯಿತು. ಸ್ವಲ್ಪ ದಿನಗಳಲ್ಲಿ ಅದು ಮರಳಿನ ಮೇಲೆ ಬಳ್ಳಿ ಹರಿಸಿ ಮರಿಗಳನ್ನು ಹಾಕತೊಡಗುತ್ತದೆ. ಅನೂಬಿಯಾಸನ್ನೂ ಜಾವಾ ಫರ್ನನ್ನೂ ಮರಳಿನಲ್ಲಿ ಹೂಳಕೂಡದು. ಅವುಗಳ ಅಡ್ಡಕಾಂಡ ಹೂತುಹೋದರೆ ಕೊಳೆಯುತ್ತದೆ. ಒಂದು ಕಲ್ಲಿಗೋ ಮರದ ತುಂಡಿಗೋ ನೂಲಿನಿಂದ ಕಟ್ಟಿಟ್ಟರೆ ಬೇರುಗಳು ತಾವೇ ಅಪ್ಪಿಕೊಳ್ಳುತ್ತವೆ. ನಮ್ಮ ಬೀದಿಯಲ್ಲಿ ನೂಲಿಗೆ ಬರವಿಲ್ಲವಷ್ಟೆ. ಹಾರ್ನ್‌ವರ್ಟ್ ಎಂಬುದಕ್ಕೆ ಬೇರೇ ಇಲ್ಲ; ನೀರಿಗೆ ಹಾಕಿದರೆ ತೇಲಿಕೊಂಡೇ ಬೆಳೆಯುತ್ತದೆ. ಶ್ರೀಲಂಕಾದ ಕ್ರಿಪ್ಟೊಕೊರಿನ್ ಗಿಡಕ್ಕೆ ಮಾತ್ರ ಒಂದು ಬಿಗುಮಾನವುಂಟು: ಜಾಗ ಬದಲಿಸಿದೊಡನೆ ಎಲೆಗಳೆಲ್ಲ ಕೊಳೆತು ಕರಗಿಹೋಗುತ್ತವೆ. ಸತ್ತಿತೆಂದು ಕಿತ್ತೆಸೆಯದೆ ಕೆಲವು ವಾರ ಕಾದರೆ, ಬೇರಿನಿಂದ ಹೊಸ ಎಲೆಗಳು ಏಳುತ್ತವೆ. ಇವೆಲ್ಲಕ್ಕೂ ದಿನಕ್ಕೆ ೬ರಿಂದ ೮ ಗಂಟೆಗಳ ಸಾಧಾರಣ ಬೆಳಕು ಸಾಕು. ಕಿಟಕಿಯ ನೇರ ಬಿಸಿಲಿಗೆ ಇಟ್ಟರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ಗೊಬ್ಬರವನ್ನು ಮೀನುಗಳೇ ಒದಗಿಸುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುವುದು, ಕೊಳೆತ ಎಲೆಗಳನ್ನು ಕಿತ್ತು ತೆಗೆಯುವುದು, ದಿನಕ್ಕೊಮ್ಮೆ ಕಿತ್ತು ನೋಡುವ ಆತುರವನ್ನು ಬಿಡುವುದು: ಉಳಿದ ವ್ಯವಸಾಯ ಇಷ್ಟೇ.

ಸುಲಭವಾದುದನ್ನು ಆರಿಸಿಕೊಳ್ಳುವುದರಲ್ಲಿ ಏನಾದರೂ ಕೀಳುತನವಿದೆಯೆ? ನಮ್ಮ ನೀತಿಬೋಧಕರು ಕಷ್ಟವನ್ನು ಹೊಗಳಿದಷ್ಟು ಸುಲಭವನ್ನು ಹೊಗಳಿಲ್ಲ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗಳನ್ನೇ ಆರಿಸಿ ಬರೆದವನನ್ನು ಕಂಡರೆ ಅಧ್ಯಾಪಕರಾದ ನಮಗೂ ಅಷ್ಟಕ್ಕಷ್ಟೆ. ಆದರೆ ಮೀನುತೊಟ್ಟಿಯ ಚರಿತ್ರೆಯನ್ನು ನೋಡಿದರೆ ಆ ಕಲೆಗೆ ಅಸ್ತಿಭಾರ ಹಾಕಿದ್ದೇ ಸುಲಭವಾದ ಗಿಡ. ನೀರಿನಲ್ಲಿ ಮುಳುಗಿಸಿದ ಎಲೆಗಳು ಬಿಸಿಲು ಬಿದ್ದಾಗ ಗುಳ್ಳೆಗಳನ್ನು ಬಿಡುತ್ತವೆ, ಕತ್ತಲಲ್ಲಿ ಬಿಡುವುದಿಲ್ಲ ಎಂಬುದನ್ನು ಇಂಗೆನ್‌ಹೌಸ್ ಎಂಬ ವೈದ್ಯ ೧೭೭೯ರಲ್ಲಿ ತೋರಿಸಿಕೊಟ್ಟ. ಅದಾದ ೭೦ ವರ್ಷಗಳ ಮೇಲೆ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಗಿಡವನ್ನೂ ಇಟ್ಟ. ಗಿಡದ ಹಳೆಯ ಎಲೆಗಳು ಕೊಳೆತು ನೀರು ಲೋಳೆಯಾಗತೊಡಗಿದಾಗ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದುವು. ಮೀನು, ಗಿಡ, ಹುಳು ಮೂರೂ ಒಂದಕ್ಕೊಂದು ಆಸರೆಯಾಗಿ ಬದುಕುವ ಈ ಸಮತೋಲವನ್ನು ಆತ ೧೮೫೦ರಲ್ಲಿ ವಿದ್ವಾಂಸರ ಮುಂದಿಟ್ಟ. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬಾತನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಜನರ ಬಾಯಿಗೆ ಬಂತು. ವಾರಿಂಗ್ಟನ್ ದುರ್ಲಭವಾದ ಗಿಡವನ್ನು ಹಿಡಿದು ಹೊರಟಿದ್ದರೆ ಆತನಿಗೆ ಗಿಡದ ಕಾಯಿಲೆಯನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲವೇನೋ!

ಕಷ್ಟದ ಗಿಡಗಳನ್ನು ಬೆಳೆಸುವವರನ್ನು ನಾನು ಹಳಿಯುತ್ತಿಲ್ಲ. ಜಪಾನಿನ ತಕಾಶಿ ಅಮಾನೊ (೧೯೫೪–೨೦೧೫) ಗಾಜಿನ ತೊಟ್ಟಿಯೊಳಗೆ ಬೆಟ್ಟ, ಕಣಿವೆ, ಹುಲ್ಲುಗಾವಲುಗಳನ್ನೇ ನಿರ್ಮಿಸಿ ಅದನ್ನೊಂದು ಕಲೆಯಾಗಿ ಲೋಕಕ್ಕೆ ತೋರಿಸಿದರು. ಅದಕ್ಕೆ ಬೇಕಾದ ಬಿಡುವೂ ಹಣವೂ ಶ್ರದ್ಧೆಯೂ ಇದ್ದವರು ಮಾಡಲಿ. ಆದರೆ ದಿನಕ್ಕೆ ಕಾಲು ಗಂಟೆ ಮಾತ್ರ ಬಿಡುವಿರುವವನು ಅಂಥ ಗಿಡಗಳನ್ನು ತಂದು ವಾರದೊಳಗೆ ಕೊಳೆಸಿ, ಮತ್ತೆ ತಂದು ಮತ್ತೆ ಕೊಳೆಸುವುದು ಸಾಹಸವಲ್ಲ. ತನ್ನ ಆಸೆಯ ಬೆಲೆಯನ್ನು ಬೇರೊಂದು ಜೀವದಿಂದ ತೆರಿಸುವುದು. ನಮ್ಮ ಆಸೆಗೆ ತಕ್ಕಂತೆ ನೀರನ್ನು ತಿದ್ದುವುದಕ್ಕಿಂತ ನೀರಿಗೆ ತಕ್ಕಂತೆ ಆಸೆಯನ್ನು ತಿದ್ದಿಕೊಳ್ಳುವುದು ವಿನಯ. ಈ ಅರ್ಥದಲ್ಲಿ ಸುಲಭವಾದುದನ್ನು ಆರಿಸಿಕೊಳ್ಳುವುದು ಸೋಮಾರಿತನವಲ್ಲ, ತನ್ನ ಅಳತೆಯನ್ನು ತಾನು ಅರಿತುಕೊಳ್ಳುವ ವಿವೇಕ.

ಆದರೆ ಈ ವಿವೇಕದ ಬೆನ್ನಿಗೇ ಒಂದು ಅಪಾಯವಿದೆ. ತೊಂದರೆ ಕೊಡದ ಗಿಡದ ಕಡೆಗೆ ನಾವು ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಅಧ್ಯಾಪಕ ವೃತ್ತಿಯಲ್ಲಿ ಇದು ದಿನವೂ ಕಣ್ಣಿಗೆ ಬೀಳುವ ವಿಷಯ. ಗಲಾಟೆ ಮಾಡುವ ಹುಡುಗನ ಹೆಸರು ಮೊದಲ ವಾರದಲ್ಲಿಯೇ ಎಲ್ಲ ಉಪನ್ಯಾಸಕರಿಗೂ ಗೊತ್ತಾಗುತ್ತದೆ. ಮೂರನೆಯ ಬೆಂಚಿನ ಮೂಲೆಯಲ್ಲಿ ಕುಳಿತು ಹೇಳಿದ್ದನ್ನು ಬರೆದುಕೊಂಡು, ನಲವತ್ತೈದು ಅಂಕ ಪಡೆದು, ಹಳ್ಳಿಯ ಬಸ್ಸು ಹಿಡಿದು ಹೋಗುವ ಹುಡುಗಿಯ ಹೆಸರು ಮೂರು ವರ್ಷ ಕಳೆದರೂ ಕೆಲವರಿಗೆ ತಿಳಿದಿರುವುದಿಲ್ಲ. ಅವಳು ‘ಒಳ್ಳೆಯ ಹುಡುಗಿ’. ಎಂದರೆ, ನಮ್ಮಿಂದ ಏನನ್ನೂ ಕೇಳದ ಹುಡುಗಿ. ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಹೊಂದಿಕೊಂಡು ಹೋಗುವವರ ಮೇಲೆಯೇ ಹೊರೆ ಹೆಚ್ಚು, ಅವರ ಮೇಲೆಯೇ ಗಮನ ಕಡಿಮೆ. ವ್ಯಾಲಿಸ್ನೇರಿಯದ ಹೂವನ್ನು ನೋಡಿದವರು ಎಷ್ಟು ಮಂದಿ? ಹೆಣ್ಣು ಹೂವು ಸುರುಳಿ ಸುತ್ತಿಕೊಳ್ಳಬಲ್ಲ ಉದ್ದವಾದ ತೊಟ್ಟಿನ ತುದಿಯಲ್ಲಿ ನೀರಿನ ಮೇಲಕ್ಕೆ ಬಂದು ಕಾಯುತ್ತದೆ. ಗಂಡು ಹೂವುಗಳು ಬುಡದಿಂದ ಕಳಚಿಕೊಂಡು ಮೇಲಕ್ಕೆದ್ದು, ಸಣ್ಣ ದೋಣಿಗಳಂತೆ ತೇಲುತ್ತ ಹೋಗಿ ಅದನ್ನು ಮುಟ್ಟುತ್ತವೆ. ಇಷ್ಟೊಂದು ವ್ಯವಹಾರ ನಡೆಯುವ ಗಿಡವನ್ನು ನಾವು ‘ಏನೂ ತೊಂದರೆಯಿಲ್ಲ, ತಾನಾಗಿ ಬೆಳೆಯುತ್ತದೆ’ ಎಂದು ಮರೆತಿರುತ್ತೇವೆ.

ಮರೆತರೂ ಅದು ಬೆಳೆಯುತ್ತದೆ. ಇಲ್ಲಿಂದಲೇ ನಿಜವಾದ ಪ್ರಶ್ನೆ ಹುಟ್ಟುವುದು. ಸುಲಭವಾದ ಗಿಡ ಎಂದರೆ ಹೆಚ್ಚುವ ಗಿಡ. ಎರಡು ವಾರಕ್ಕೊಮ್ಮೆ ಕತ್ತರಿ ಹಾಕದಿದ್ದರೆ ತೊಟ್ಟಿಯಲ್ಲಿ ಮೀನು ತಿರುಗುವುದಕ್ಕೆ ಎಡೆಯಿರುವುದಿಲ್ಲ. ಕತ್ತರಿಸಿದ ಹಿಡಿ ಹಿಡಿ ಹಸಿರನ್ನು ಏನು ಮಾಡಬೇಕು?

ನಮ್ಮ ಎದುರು ಮನೆಯಲ್ಲಿ ಎಪ್ಪತ್ತರ ಸಮೀಪದ ಒಬ್ಬ ನೇಕಾರರಿದ್ದಾರೆ. ಅವರ ಮೊಮ್ಮಗನ ತೊಟ್ಟಿಗೆ ಗಿಡ ಕೊಟ್ಟದ್ದು ನಾನೇ. ಕಟ್ಟುವುದಕ್ಕೆ ನೂಲು ಕೊಟ್ಟದ್ದು ಅವರು. ಒಂದು ಭಾನುವಾರ ಬೆಳಿಗ್ಗೆ ಅವರು ಒಂದು ಪ್ಲಾಸ್ಟಿಕ್ ಬಕೆಟ್ಟಿನ ತುಂಬ ಗಿಡಗಳನ್ನು ತುಂಬಿಕೊಂಡು ನಾಗರಕೆರೆಯ ಕಡೆಗೆ ಹೊರಟಿದ್ದರು.

“ಎಲ್ಲಿಗೆ ಯಜಮಾನರೇ?” ಎಂದೆ.

“ಕೆರೇಗೆ ಬಿಟ್ಟು ಬರೋಣ ಅಂತ, ಮೇಷ್ಟ್ರೇ. ಹುಡುಗ ಕತ್ತರಿಸಿ ಮೋರಿಗೆ ಹಾಕಕ್ಕೆ ಹೊರಟಿದ್ದ. ಜೀವ ಇರೋದನ್ನ ಮೋರಿಗೆ ಹಾಕೋದೇ? ಕೆರೇಲಿ ಬಿಟ್ರೆ ಎಲ್ಲಾದ್ರೂ ಬದುಕ್ಕೊಳ್ತವೆ.”

“ಬದುಕಿಕೊಂಡಾವು ಅಂತಲೇ ಹೆದರಿಕೆ. ಬಿಸಿಲಿಗೆ ಹರಡಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿಬಿಡಿ.”

ಅವರು ಬಕೆಟ್ಟನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಒಣಗಿಸಿ ಸಾಯಿಸೋದು ಪುಣ್ಯ, ನೀರಿಗೆ ಬಿಡೋದು ಪಾಪ ಅಂತೀರಾ? ಪಾಠ ಹೇಳೋರು ನೀವೇ ಹೀಗಂದ್ರೆ ಹೆಂಗೆ?”

ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲು ಸಾಧ್ಯವಿಲ್ಲ. ನೀರಿಗೆ ಬಿಡುವುದು ನಮ್ಮಲ್ಲಿ ಗೌರವದ ಬೀಳ್ಕೊಡುಗೆ. ಪೂಜೆಯ ಹೂವು, ಮಣ್ಣಿನ ಗಣಪತಿ, ಹಿರಿಯರ ಅಸ್ಥಿ ಎಲ್ಲವೂ ಕೊನೆಗೆ ಸೇರುವುದು ಗಂಗೆಯನ್ನು. ಹಳಗನ್ನಡ ಕಾವ್ಯಗಳನ್ನು ಓದಿಸುವ ನನಗೆ ಜೈನರ ವಿಚಾರವೂ ನೆನಪಾಗದೆ ಇರಲಿಲ್ಲ. ಗಿಡಮರಗಳೂ ಜೀವಗಳೇ, ಸ್ಪರ್ಶವೊಂದೇ ಇರುವ ಏಕೇಂದ್ರಿಯ ಜೀವಗಳು ಎಂದು ಅವರು ಬಹು ಹಿಂದೆಯೇ ಎಣಿಸಿದ್ದರು. ಹಾಗಿರುವಾಗ ಬೆಳೆಯಬಲ್ಲ ಗಿಡವನ್ನು ಬಿಸಿಲಿನಲ್ಲಿ ಹರಡಿ ಕೊಲ್ಲುವುದು ಯಾವ ಧರ್ಮ?

ಉತ್ತರವಾಗಿ ನಾನು ಅವರಿಗೆ ಒಂದು ಗಿಡದ ಕಥೆಯನ್ನು ಹೇಳಿದೆ. ಅದು ನಮ್ಮ ಕೆರೆಗಳದೇ ಗಿಡ, ಹೈಡ್ರಿಲ್ಲ. ವಿಜ್ಞಾನ ಓದಿದ ಹುಡುಗರಿಗೆಲ್ಲ ಅದರ ಪರಿಚಯವಿದೆ: ಗಾಜಿನ ಬೀಕರಿನಲ್ಲಿ ಆಲಿಕೆಯ ಕೆಳಗೆ ಅದನ್ನಿಟ್ಟು, ಮೇಲೆ ಪ್ರನಾಳವನ್ನು ಬೋರಲು ಹಾಕಿ, ಬಿಸಿಲಿನಲ್ಲಿ ಆಮ್ಲಜನಕದ ಗುಳ್ಳೆಗಳನ್ನು ಎಣಿಸುವ ಪ್ರಯೋಗವನ್ನು ಯಾರು ಮಾಡಿಲ್ಲ? ಮೀನುತೊಟ್ಟಿಗೆ ಇದಕ್ಕಿಂತ ಸುಲಭವಾದ ಗಿಡವಿಲ್ಲ. ಬಹು ಕಡಿಮೆ ಬೆಳಕು ಅದಕ್ಕೆ ಸಾಕು. ತುಂಡು ಬಿದ್ದಲ್ಲಿ ಹೊಸ ಗಿಡ. ೧೯೫೦ರ ದಶಕದ ಮೊದಲಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆಂದು ಇದನ್ನು ಶ್ರೀಲಂಕಾದಿಂದ ಅಮೆರಿಕದ ಫ್ಲೋರಿಡಾಕ್ಕೆ ತರಿಸಿದರು. ಬಂದ ಗಿಡಗಳು ಬಾಡಿ ಅಂದಗೆಟ್ಟು ಮಾರಾಟಕ್ಕೆ ಬಾರದಂತಿದ್ದುದರಿಂದ ಅವನ್ನು ಮನೆಯ ಬಳಿಯ ಒಂದು ಕಾಲುವೆಗೆ ಎಸೆದರೆಂದೂ, ಕೆಲವು ತಿಂಗಳಲ್ಲಿ ಅವು ಅಲ್ಲಿ ಹುಲುಸಾಗಿ ಬೆಳೆದಿದ್ದುವೆಂದೂ ಅಲ್ಲಿನ ಸಸ್ಯತಜ್ಞರು ದಾಖಲಿಸಿದ್ದಾರೆ. ೧೯೬೦ರ ಹೊತ್ತಿಗೆ ಹೊಳೆಗಳಲ್ಲಿಯೂ ಅದು ಕಾಣಿಸಿಕೊಂಡಿತು. ದಿನಕ್ಕೆ ಒಂದು ಅಂಗುಲದವರೆಗೆ ಬೆಳೆಯಬಲ್ಲ, ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬುವ ಈ ಗಿಡ ದೋಣಿಗಳ ಹಾದಿಯನ್ನು ಮುಚ್ಚಿತು. ಕೆಳಗಿದ್ದ ಅಲ್ಲಿನ ಸಸ್ಯಗಳಿಗೆ ಬೆಳಕಿಲ್ಲದಂತೆ ಮಾಡಿತು. ವಿಚಿತ್ರವೆಂದರೆ ಅಲ್ಲಿ ಹಬ್ಬಿದ್ದು ಹೆಣ್ಣು ಗಿಡ ಮಾತ್ರ, ಬೀಜವೇ ಇಲ್ಲ. ಮುರಿದ ತುಂಡುಗಳಿಂದ, ಕೆಸರಿನಲ್ಲಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲ ಪುಟ್ಟ ಗೆಡ್ಡೆಗಳಿಂದಲೇ ಅಷ್ಟೆಲ್ಲ ವಿಸ್ತಾರ. ಅದನ್ನು ಹತೋಟಿಯಲ್ಲಿಡಲು ಆ ರಾಜ್ಯ ಕೋಟಿಗಟ್ಟಲೆ ಡಾಲರುಗಳನ್ನು ಸುರಿದಿದೆ. ಎಲೆಯನ್ನು ಕೊರೆದು ತಿನ್ನುವ ಒಂದು ಜಾತಿಯ ನೊಣವನ್ನು ಭಾರತದ ಕಡೆಯಿಂದ ಒಯ್ದು ೧೯೮೭ರಲ್ಲಿ ಅಲ್ಲಿ ಬಿಟ್ಟದ್ದೂ ಆಯಿತು. ಹೈಡ್ರಿಲ್ಲ ಇನ್ನೂ ಅಲ್ಲಿದೆ.

ಈ ಕಥೆಗೆ ನಮ್ಮ ನೆಲದ ಒಂದು ಎಳೆಯೂ ಉಂಟು. ನಾನಾ ದೇಶಗಳ ಹೈಡ್ರಿಲ್ಲವನ್ನು ಹೋಲಿಸಿ ನೋಡಿದ ಒಂದು ಆನುವಂಶಿಕ ಅಧ್ಯಯನ ೧೯೯೭ರಲ್ಲಿ ಪ್ರಕಟವಾಯಿತು. ಫ್ಲೋರಿಡಾದ ಆ ಹೆಣ್ಣು ಗಿಡಕ್ಕೆ ತೀರ ಹತ್ತಿರದ ಬಂಧುವಾಗಿ ಅದರಲ್ಲಿ ಕಂಡುಬಂದದ್ದು ಬೆಂಗಳೂರಿನಿಂದ ಹೋದ ಮಾದರಿ!

“ನಮ್ಮ ಗಿಡಾನೇ ಅಲ್ಲಿ ಹೋಗಿ ಅಷ್ಟು ಪುಂಡಾಟ ಮಾಡ್ತೇ? ಇಲ್ಲಿ ಸುಮ್ಮನಿದೆಯಲ್ಲ!” ಎಂದರು ಯಜಮಾನರು.

ಅವರು ಬೆರಳಿಟ್ಟು ತೋರಿಸಿದ್ದು ಸರಿಯಾದ ಜಾಗವನ್ನೇ. ಅದೇ ಗಿಡ, ಅದೇ ಗುಣ. ಇಲ್ಲಿ ಸಾಧು, ಅಲ್ಲಿ ಪುಂಡ. ನಮ್ಮ ಕೆರೆಗಳಲ್ಲಿ ಅದನ್ನು ಮೇಯುವ ಮೀನುಗಳಿವೆ, ನಾಮದ ಕೋಳಿಗಳಿವೆ, ಕೊರೆಯುವ ಹುಳುಗಳಿವೆ. ಮಳೆ ಕೈಕೊಟ್ಟ ವರ್ಷ ಕೆರೆಯ ತಳವನ್ನೇ ಬಿರಿಯಿಸುವ ಬೇಸಿಗೆ ಇದೆ. ತಲೆತಲಾಂತರದಿಂದ ಅದರ ಜೊತೆಗೆ ಬೆಳೆದುಬಂದ ಈ ಬಂಧುಗಳೂ ವೈರಿಗಳೂ ಸೇರಿ ಅದಕ್ಕೊಂದು ಎಲ್ಲೆ ಕಟ್ಟಿವೆ. ಕಾಲುವೆಗೆ ಎಸೆದವರು ಗಿಡವೊಂದನ್ನು ಮಾತ್ರ ಒಯ್ದರು, ಎಲ್ಲೆಯನ್ನು ಇಲ್ಲಿಯೇ ಬಿಟ್ಟರು. ಇದಕ್ಕೆ ಪ್ರತಿಯಾಗಿ ದಕ್ಷಿಣ ಅಮೆರಿಕದ ನೀರುಗಳಲ್ಲಿ ತನ್ನ ಪಾಡಿಗೆ ತಾನಿದ್ದ, ನಸುನೀಲಿ ಹೂವಿನ ವಾಟರ್ ಹಯಸಿಂತ್ ಅಂದವಾಗಿದೆಯೆಂಬ ಒಂದೇ ಕಾರಣಕ್ಕೆ ದೇಶದೇಶಗಳ ಕೊಳಗಳಿಗೆ ಹೋಗಿ, ನಮ್ಮ ದೇಶಕ್ಕೂ ಬಂದು ಕೆರೆ ಹೊಳೆಗಳನ್ನು ಮುಚ್ಚಿತು. ಅದರ ಹಾವಳಿಯನ್ನು ತಡೆಯಲು ಬಂಗಾಳದಲ್ಲಿ ೧೯೩೬ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ತಂದವರು ಯಾರೂ ಕೇಡನ್ನು ಬಯಸಿದವರಲ್ಲ. ಹೂವನ್ನು ಮೆಚ್ಚುವುದು ಅಪರಾಧವೂ ಅಲ್ಲ. ಇದು ನೀತಿಶಾಸ್ತ್ರಕ್ಕೆ ಒಗ್ಗದ ಒಂದು ತೊಡಕು. ನಮ್ಮ ಪಾಪಪುಣ್ಯಗಳ ಲೆಕ್ಕ ಹೆಚ್ಚಾಗಿ ಮನಸ್ಸಿನ ಬಯಕೆಯನ್ನು ಅಳೆಯುತ್ತದೆ. ನೀರು ಮಾತ್ರ ಬಯಕೆಯನ್ನು ಕೇಳುವುದಿಲ್ಲ, ಬಿದ್ದ ತುಂಡನ್ನು ಕೇಳುತ್ತದೆ.

ಯಜಮಾನರು ಸುಲಭವಾಗಿ ಬಿಡುವವರಲ್ಲ. “ಅದೆಲ್ಲ ಸರಿ. ಆದ್ರೆ ಮೇಷ್ಟ್ರೇ, ಕೆರೆಗಳು ಆಗಲೇ ಕೆಟ್ಟು ಹೋಗಿವೆಯಲ್ಲ? ಊರಿನ ಕೊಚ್ಚೆಯೆಲ್ಲ ಹೋಗಿ ಬೀಳ್ತಿರೋವಾಗ ನನ್ನ ಒಂದು ಹಿಡಿ ಗಿಡದಿಂದ ಏನಾಗ್ಬೇಕು?” ಎಂದರು.

ಇದು ಮೊದಲನೆಯ ಪ್ರಶ್ನೆಗಿಂತ ಕಠಿನವಾದ ಪ್ರಶ್ನೆ. ಅದರಲ್ಲಿ ನಿಜವೂ ಇದೆ. ಕೊಳಚೆಯ ಜೊತೆಗೆ ಬರುವ ಸಾರಜನಕ, ರಂಜಕಗಳು ಕಳೆಗೆ ಇಟ್ಟ ಗೊಬ್ಬರ. ಊರು ಅದನ್ನು ಉಣಿಸುತ್ತಿರುವವರೆಗೆ ಕಳೆ ಕಿತ್ತಷ್ಟೂ ಬೆಳೆಯುತ್ತದೆ. ಎಲ್ಲ ತಪ್ಪನ್ನೂ ಮೀನು ಸಾಕುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಇದೇ ಕಾರಣದಿಂದ ಆ ಒಂದು ಹಿಡಿಗೆ ಇಂದು ಮೊದಲಿಗಿಂತ ಹೆಚ್ಚಿನ ತೂಕ ಬಂದಿದೆ. ಗೊಬ್ಬರ ಸಿದ್ಧವಾಗಿರುವ ನೀರಿಗೆ ಬೀಜವೊಂದೇ ಬಾಕಿ. ಮೇಲಾಗಿ ನಮ್ಮ ಕೆರೆಗಳು ಒಂಟಿ ಕೆರೆಗಳಲ್ಲ, ಸರಪಣಿ. ಒಂದರ ಕೋಡಿ ಬಿದ್ದರೆ ಮತ್ತೊಂದಕ್ಕೆ ನೀರು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಹಾದು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ, ಕೊನೆಗೆ ಕಾವೇರಿಗೆ ಇಳಿಯುವ ದಾರಿ ಅದು. ಅತ್ತ ದೇವನಹಳ್ಳಿ, ಹೊಸಕೋಟೆಗಳ ಕಡೆಯ ನೀರು ದಕ್ಷಿಣ ಪಿನಾಕಿನಿಯ ಪಾಲು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಯಿಂದ ಈ ಸರಪಣಿಗೆ ಕೊಳವೆಗಳ ಹೊಸ ಕೊಂಡಿಗಳೂ ಸೇರಿವೆ. ಒಂದು ಕೆರೆಗೆ ಬಿಟ್ಟದ್ದು ಒಂದೇ ಕೆರೆಯಲ್ಲಿ ಉಳಿಯುತ್ತದೆಂದು ಯಾರೂ ಮಾತು ಕೊಡಲಾರರು.

ಇಷ್ಟನ್ನೂ ಹೇಳಿ ನಾನು, “ಹಾಸಿನಲ್ಲಿ ಒಂದು ಎಳೆ ಕಿತ್ತುಹೋದರೆ ಏನಾಗುತ್ತದೆ, ಯಜಮಾನರೇ?” ಎಂದು ಕೇಳಿದೆ.

“ಕಟ್ಟೋವರೆಗೂ ಉದ್ದಕ್ಕೂ ಗೆರೆ ಬೀಳುತ್ತೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾವಿರಾರು ಎಳೆ ಇದ್ರೂ ಬೀಳುತ್ತೆ” ಎಂದು ತಾವೇ ಸೇರಿಸಿದರು.

ಬಕೆಟ್ಟು ಅಂದು ಮನೆಗೆ ಹಿಂದಿರುಗಿತು. ಆದರೆ ಅವರ ಮೊದಲನೆಯ ಪ್ರಶ್ನೆ ಇನ್ನೂ ನನ್ನ ಬಳಿಯೇ ಇದೆ. ಒಣಗಿ ಸಾಯುವ ಗಿಡದ ವಿಷಯದಲ್ಲಿ ದಯೆಯ ಮಾತೇನು? ಯೋಚಿಸಿದಷ್ಟೂ ನನಗೆ ತೋರುವುದಿಷ್ಟು. ಬಿಟ್ಟುಬಿಡುವುದು ಯಾವಾಗಲೂ ದಯೆಯಲ್ಲ. ಎಷ್ಟೋ ಸಲ ಅದು ನಮ್ಮ ಕೈಯನ್ನು ಶುಭ್ರವಾಗಿಟ್ಟುಕೊಂಡು, ಕೊಲ್ಲುವ ಕೆಲಸವನ್ನು ನಮ್ಮ ಕಣ್ಣಿಗೆ ಬೀಳದ ಜಾಗಕ್ಕೆ ದಾಟಿಸುವ ಉಪಾಯ. ಕೆರೆಗೆ ಬಿಟ್ಟ ಗಿಡ ಬದುಕಿದರೆ ಅದರ ನೆರಳಿನಲ್ಲಿ ಬೆಳಕಿಲ್ಲದೆ ಸಾಯುವ ಬೇರೆ ಗಿಡಗಳನ್ನು ನಾವು ನೋಡುವುದಿಲ್ಲ. ತೊಟ್ಟಿಯ ಗಾಜನ್ನು ನೆಕ್ಕಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಗೇಣುದ್ದ ಬೆಳೆದಾಗ, ಕೊಲ್ಲಲು ಮನಸ್ಸಾಗದೆ ಕೆರೆಗೆ ಬಿಡುವವರದೂ ಇದೇ ದಯೆ. ಆ ಮೀನಿನಿಂದ ನೆಲೆ ತಪ್ಪುವ ಕೆರೆಯ ಮೀನುಗಳಾಗಲಿ, ಬಲೆ ಹರಿದುಕೊಳ್ಳುವ ಬೆಸ್ತರಾಗಲಿ ಆ ದಯೆಯ ಲೆಕ್ಕದಲ್ಲಿ ಬರುವುದಿಲ್ಲ. ನಾವು ನೋಡುವ ಜೀವಕ್ಕೆ ಮಾತ್ರ ಮರುಗುವುದು ದಯೆಯ ಅರ್ಧ. ನೋಡದ ಜೀವಗಳನ್ನು ಎಣಿಸುವುದು ಉಳಿದರ್ಧ.

ಹಾಗಾದರೆ ಒಣಗಿಸುವುದರಲ್ಲಿ ಹಿಂಸೆಯೇ ಇಲ್ಲವೆ? ಇದೆ ಎಂದೇ ನನ್ನ ಭಾವನೆ. ಅದನ್ನು ಇಲ್ಲವೆಂದು ಹೇಳಿ ಸಮಾಧಾನ ಪಡುವುದಕ್ಕಿಂತ, ಅದು ಎಲ್ಲಿ ಆರಂಭವಾಯಿತೆಂದು ಹುಡುಕುವುದು ಮೇಲು. ಏಕೇಂದ್ರಿಯ ಜೀವಗಳ ಮಾತನ್ನು ಹೇಳಿದ ಜೈನರೇ ಗೃಹಸ್ಥನಿಗೆ ಇನ್ನೊಂದು ವ್ರತವನ್ನೂ ಹೇಳಿದ್ದಾರೆ: ಪರಿಗ್ರಹ ಪರಿಮಾಣ, ಎಂದರೆ ತಾನು ಇಟ್ಟುಕೊಳ್ಳುವುದಕ್ಕೆ ತಾನೇ ಒಂದು ಮಿತಿ ಹಾಕಿಕೊಳ್ಳುವುದು. ಹೊನ್ನು, ನೆಲ, ದನಕರುಗಳಿಗೆ ಹೇಳಿದ ಈ ಮಾತು ಎರಡಡಿಯ ತೊಟ್ಟಿಗೂ ಸಲ್ಲುತ್ತದೆ. ಗಿಡವನ್ನು ಬಿಸಿಲಿಗೆ ಹರಡಿದ ಗಳಿಗೆಯಲ್ಲಿ ಹುಟ್ಟಿದ ಹಿಂಸೆಯಲ್ಲ ಅದು. ಅಂಗಡಿಯಲ್ಲಿ ‘ಸುಲಭ’ ಎಂಬ ಮಾತನ್ನು ಕೇಳಿ, ಮುಂದಿನದನ್ನು ಯೋಚಿಸದೆ ನಾಲ್ಕು ಜಾತಿ ಬೇಕಾದಲ್ಲಿ ಹತ್ತು ಜಾತಿ ಕೊಂಡ ಗಳಿಗೆಯಲ್ಲಿಯೇ ಅದು ಹುಟ್ಟಿರುತ್ತದೆ. ನಿಧಾನವಾಗಿ ಬೆಳೆಯುವ ಅನೂಬಿಯಾಸ್, ಜಾವಾ ಫರ್ನುಗಳು ತೊಟ್ಟಿಯ ಬಹುಭಾಗವನ್ನು ತುಂಬಿ, ಬೇಗ ಹೆಚ್ಚುವ ಗಿಡ ಒಂದೇ ಒಂದಿದ್ದರೆ ಕತ್ತರಿಗೆ ಕೆಲಸ ಕಡಿಮೆ, ಬಿಸಿಲಿಗೆ ಆಹಾರ ಕಡಿಮೆ.

ಈಚೆಗೆ ವಿದ್ಯಾರ್ಥಿಗಳು ಬಂದು ಕೇಳಿದಾಗ ನಾನು ಗಿಡದ ಹೆಸರಿನ ಜೊತೆಗೆ ಇಷ್ಟನ್ನು ಹೇಳಿಕಳಿಸುತ್ತೇನೆ: ಕತ್ತರಿಸಿದ್ದನ್ನು ಕೆರೆಗೂ ಹಾಕಬೇಡಿ, ಚರಂಡಿಗೂ ಹಾಕಬೇಡಿ, ಚರಂಡಿಯೂ ಕೆರೆಗೇ ಹೋಗುತ್ತದೆ. ತೊಟ್ಟಿ ಇರುವ ಗೆಳೆಯರಿಗೆ ಕೊಡಿ. ಅವರಿಗೂ ಬೇಡವಾದರೆ ಮಹಡಿಯ ಮೇಲೆ ಹರಡಿ, ಮುಟ್ಟಿದರೆ ಪುಡಿಯಾಗುವಂತೆ ಒಣಗಿದ ಮೇಲೆ ಗುಲಾಬಿಯ ಬುಡಕ್ಕೆ ಹಾಕಿ. ಕೆರೆಯಿಂದ ಗಿಡ ತರುವವರು ಹಿಡಿಯಷ್ಟು ತನ್ನಿ, ಹೊರೆಯಷ್ಟು ಬೇಡ. ತಂದದ್ದನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ. ಹುಡುಗರು ತಲೆಯಾಡಿಸುತ್ತಾರೆ. ಪಾಲಿಸುತ್ತಾರೆಯೋ ಇಲ್ಲವೋ, ಅದು ಪರೀಕ್ಷೆಗೆ ಸಿಕ್ಕುವ ವಿಷಯವಲ್ಲ.

ನಾನು ಒಣಗಿಸಿದ ಒಂದು ಹಿಡಿಯಿಂದ ಯಾವ ಕೆರೆಯೂ ತಿಳಿಯಾಗುವುದಿಲ್ಲ. ಕೊಳಚೆ ನಿಲ್ಲಬೇಕಾದದ್ದು ಬೇರೆ ಕಡೆ, ಅದನ್ನು ನಿಲ್ಲಿಸಲು ಕೂಗಬೇಕಾದವರು ನಾವೆಲ್ಲರೂ. ಆದರೆ ಎಲ್ಲರೂ ಸೇರಿ ಮಾಡಬೇಕಾದ ಕೆಲಸ ಬಾಕಿಯಿದೆ ಎಂಬುದು, ಒಬ್ಬನೇ ಮಾಡಬಹುದಾದ ಕೆಲಸವನ್ನು ಬಿಡುವುದಕ್ಕೆ ರಜಾ ಚೀಟಿಯಾಗಬಾರದು.

ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಆಗುತ್ತದೆ, ಇನ್ನು ಬೇಡ ಎಂದೂ ಆಗುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಪದಗಳೆಂಬುದನ್ನು ತರಗತಿಯಲ್ಲಿ ನಾನೇ ಹೇಳುತ್ತೇನೆ. ಆದರೂ ಒಂದೇ ಉಚ್ಚಾರದಲ್ಲಿ ಈ ಎರಡು ಅರ್ಥಗಳು ಕೂಡಿ ಬಂದಿರುವುದು ನಮ್ಮ ಭಾಷೆಯ ಭಾಗ್ಯವೆಂದು ನನಗನ್ನಿಸುತ್ತದೆ. ‘ಸುಲಭ’ ಎಂಬ ಪದ ಹೇಳದೆ ಬಿಟ್ಟದ್ದನ್ನು ಇದು ಹೇಳುತ್ತದೆ. ಜೀವವೊಂದನ್ನು ಸಾಕಲು ಹೊರಟವನು ಎಲ್ಲಿ ಸಾಕು ಎನ್ನಬೇಕೆಂಬುದನ್ನೂ ಕಲಿಯಬೇಕು. ಸುಲಭವಾಗಿ ಬೆಳೆಯುವುದನ್ನು ಸಾಕುವವನು ಇನ್ನೂ ಬೇಗ ಕಲಿಯಬೇಕು.